ಮಾನಸಿಕ ಆಸ್ಪತ್ರೆಯಲ್ಲಿ ಅರಿವಿನ ಅಳತೆ

ಆಸ್ಪತ್ರೆಗೆ ಸೇರಿದ ರೋಗಿಯ ಮಂಚದ ಬಳಿ ಒಂದು ಪಟ್ಟಿ ಇರುತ್ತದೆ. ಮೈಯ ಕಾವು, ನಾಡಿಯ ಬಡಿತ, ಉಸಿರಿನ ಗತಿ, ರಕ್ತದ ಒತ್ತಡ—ಇವನ್ನು ದಾದಿಯರು ಹೊತ್ತುಹೊತ್ತಿಗೆ ಅಳೆದು ಅದರಲ್ಲಿ ಬರೆದಿಡುತ್ತಾರೆ. ಕಾಲು ಮುರಿದವನಿಗೂ ಈ ಅಳತೆ ತಪ್ಪಿದ್ದಲ್ಲ, ಎದೆನೋವಿನವನಿಗೂ ತಪ್ಪಿದ್ದಲ್ಲ. ಜ್ವರವಿರಲಾರದೆಂದು ಮೊದಲೇ ಊಹಿಸಿ ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಬಿಡುವುದನ್ನು ಯಾರೂ ಒಳ್ಳೆಯ ಪದ್ಧತಿಯೆನ್ನುವುದಿಲ್ಲ. ಆದರೆ ಮನಸ್ಸಿನ ರೋಗಕ್ಕೆಂದು ಒಳಗೆ ಸೇರಿದವನ ಜ್ಞಾಪಕ ಹೇಗಿದೆ, ಗಮನವನ್ನು ಒಂದೆಡೆ ನಿಲ್ಲಿಸಬಲ್ಲನೆ, ಇಂದು ಯಾವ ದಿನ, ತಾನಿರುವ ಸ್ಥಳ ಯಾವುದು ಎಂಬುದನ್ನು ಬಲ್ಲನೆ, ಹೇಳಿದ ಮಾತನ್ನು ಗ್ರಹಿಸಿ ಅದರಂತೆ ನಡೆಯಬಲ್ಲನೆ ಎಂಬುದನ್ನು ಅಷ್ಟೇ ನಿಯಮದಿಂದ ಅಳೆದು ಬರೆದಿಡುವ ವಾಡಿಕೆ ಎಲ್ಲೆಡೆಯೂ ಬೆಳೆದಿಲ್ಲ. ಸಂಶಯ ಬಂದವರನ್ನು ಪರೀಕ್ಷಿಸುತ್ತಾರೆ, ಬಾರದವರನ್ನು ಬಿಡುತ್ತಾರೆ. ಮನೋರೋಗಿಗಳ ವಾರ್ಡಿಗೆ ಸೇರಿದ ಪ್ರತಿಯೊಬ್ಬ ವಯಸ್ಕನಿಗೂ ಈ ಅಳತೆ ಆಗಬೇಕು. ಒಮ್ಮೆಯಲ್ಲ, ಕಡೆಯ ಪಕ್ಷ ಎರಡು ಸಲ ಆಗಬೇಕು. ಅದೂ ಅವರವರ ಭಾಷೆಯಲ್ಲಿ, ಅವರವರ ವಿದ್ಯಾಭ್ಯಾಸಕ್ಕೆ ತಕ್ಕಂತೆ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸತಕ್ಕವರು. ಈ ವಿಷಯದಲ್ಲಿ ಮಾತನಾಡಲು ನಮಗೇನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಲ್ಲ. ರೋಗವನ್ನು ಗುರುತಿಸುವುದು, ಮದ್ದನ್ನು ಗೊತ್ತುಮಾಡುವುದು ವೈದ್ಯರ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಅಳತೆಯೆಂಬುದು ನಮ್ಮ ಕಸುಬಿನ ಮಾತು. ಒಂದು ಸಂಖ್ಯೆಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು, ಉಪಕರಣದ ದೋಷವನ್ನೇ ವಸ್ತುವಿನ ಗುಣವೆಂದು ಎಣಿಸುವ ಪ್ರಮಾದ ಹೇಗೆ ಸಂಭವಿಸುತ್ತದೆ ಎಂಬುದನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ತಿಳಿಸಿಹೇಳುವುದೇ ನಮ್ಮ ಉದ್ಯೋಗ. ಅರಿವಿನ ಅಳತೆಯೂ ಅಳತೆಯೇ ಆದುದರಿಂದ ಅದರ ವಿಷಯದಲ್ಲಿ ನಾಲ್ಕು ಮಾತು ಹೇಳಬಹುದೆಂದು ಧೈರ್ಯ ಮಾಡಿದ್ದೇವೆ.

ಅರಿವು ಎಂದು ಇಲ್ಲಿ ನಾವು ಹೇಳುವುದು ಆತ್ಮಜ್ಞಾನದ ಅರ್ಥದಲ್ಲಲ್ಲ. ಗಮನ, ಜ್ಞಾಪಕ, ಭಾಷೆ, ಲೆಕ್ಕ, ಆಕಾರಗಳನ್ನು ಗ್ರಹಿಸುವ ಶಕ್ತಿ, ಮುಂದಿನ ಕೆಲಸವನ್ನು ಯೋಜಿಸುವ ಶಕ್ತಿ—ಮಿದುಳಿನ ಈ ನಿತ್ಯವ್ಯಾಪಾರಗಳೆಲ್ಲ ಸೇರಿ ಅರಿವು. ಇವುಗಳಲ್ಲಿ ಒಂದೋ ಹಲವೋ ಇಳಿಮುಖವಾದರೆ ಅದು ಅರಿವಿನ ಕುಂದು. ದುಃಖ, ಭಯ, ಸಂಶಯ, ಇಲ್ಲದ ಧ್ವನಿಗಳು ಕೇಳಿಸುವುದು, ಇವು ಬೇರೆ. ಮನೋರೋಗಿಯಲ್ಲಿ ಈ ಎರಡನೆಯ ಬಗೆಯ ಲಕ್ಷಣಗಳು ಎಷ್ಟು ಗದ್ದಲ ಮಾಡುತ್ತವೆಂದರೆ ಮೊದಲನೆಯದರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಕಿರುಚುವವನನ್ನು ಎಲ್ಲರೂ ನೋಡುತ್ತಾರೆ. ಕಿರುಚುವುದನ್ನು ನಿಲ್ಲಿಸಿದ ಮೇಲೆ ಅವನು ಬೆಳಗ್ಗೆ ನುಂಗಿದ ಗುಳಿಗೆಯನ್ನು ಮಧ್ಯಾಹ್ನಕ್ಕೆ ಮರೆತಿರುವುದನ್ನು ನೋಡುವವರು ಕಡಮೆ.

ಈ ಬಗೆಯ ಪರೀಕ್ಷೆ ಮಾನಸಿಕ ಆಸ್ಪತ್ರೆಗೆ ಹೊಸದೇನೂ ಅಲ್ಲ. ೧೯೦೧ನೆಯ ಇಸವಿಯ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹುಚ್ಚಾಸ್ಪತ್ರೆಗೆ—ಆ ಕಾಲದಲ್ಲಿ ಅದನ್ನು ಕರೆಯುತ್ತಿದ್ದುದು ಹಾಗೆಯೇ—ಔಗುಸ್ಟ ಡೀಟರ್ ಎಂಬ ೫೧ ವರ್ಷದ ಗೃಹಿಣಿಯನ್ನು ಆಕೆಯ ಗಂಡ ಕರೆತಂದ. ಅಲ್ಲಿ ವೈದ್ಯನಾಗಿದ್ದವನು ಆಲೋಯಿಸ್ ಆಲ್ಝೈಮರ್. ಅವನು ಆಕೆಯ ಎದುರಿಗೆ ಕುಳಿತು ಸಾಮಾನ್ಯವಾದ ಪ್ರಶ್ನೆಗಳನ್ನು ಕೇಳಿದ. ಪೆನ್ಸಿಲು, ಬೀಗದ ಕೈ ಮೊದಲಾದ ವಸ್ತುಗಳನ್ನು ತೋರಿಸಿ ಹೆಸರು ಹೇಳಿಸಿದ. ಸ್ವಲ್ಪ ಹೊತ್ತಿನ ಮೇಲೆ ಏನೇನು ತೋರಿಸಿದೆನೆಂದು ಕೇಳಿದ. ಹೆಸರುಗಳನ್ನು ಸರಿಯಾಗಿಯೇ ಹೇಳಿದ ಆಕೆಗೆ ತೋರಿಸಿದ್ದೇನೆಂಬುದು ನೆನಪಿರಲಿಲ್ಲ. ಹೂಕೋಸು, ಹಂದಿಯ ಮಾಂಸ ಇವನ್ನು ತಿನ್ನುತ್ತಿದ್ದಾಗ ಏನು ತಿನ್ನುತ್ತಿರುವೆಯೆಂದು ಕೇಳಿದರೆ ಪಾಲಕ್ ಸೊಪ್ಪು ಎಂದಳು. ಈ ಉತ್ತರಗಳನ್ನೆಲ್ಲ ಅವನು ಹಾಗೆಹಾಗೆಯೇ ಬರೆದಿಟ್ಟ. ೧೯೦೬ರಲ್ಲಿ ಆಕೆ ಸತ್ತ ಬಳಿಕ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದೇ ವರ್ಷ ಟ್ಯೂಬಿಂಗೆನ್ನಿನಲ್ಲಿ ಅವನು ಮಾಡಿದ ಉಪನ್ಯಾಸದಿಂದ ಆ ರೋಗಕ್ಕೆ ಅವನ ಹೆಸರು ಬಂದಿತು. ಸೂಕ್ಷ್ಮದರ್ಶಕದ ಕೀರ್ತಿ ಎಲ್ಲರಿಗೂ ಗೊತ್ತು. ಮಂಚದ ಪಕ್ಕದ ಆ ಪ್ರಶ್ನೋತ್ತರವಿಲ್ಲದಿದ್ದರೆ ಯಾವ ಮಿದುಳನ್ನು, ಏತಕ್ಕಾಗಿ ನೋಡಬೇಕೆಂಬುದೇ ತಿಳಿಯುತ್ತಿರಲಿಲ್ಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಆಲ್ಝೈಮರನ ಕಾಲದಲ್ಲಿ ಮಾನಸಿಕ ಆಸ್ಪತ್ರೆಗಳ ಹಾಸಿಗೆಗಳನ್ನು ತುಂಬಿದ್ದ ಇನ್ನೊಂದು ಕಾಯಿಲೆ ಮಿದುಳಿಗೇರಿದ ಸಿಫಿಲಿಸ್. ಬಡಾಯಿ, ಉನ್ಮಾದ, ಬಳಿಕ ಮರೆವು, ಕೊನೆಗೆ ಪಾರ್ಶ್ವವಾಯು, ಹೀಗೆ ಸಾಗುತ್ತಿದ್ದ ಆ ರೋಗವನ್ನು ಬಹುಕಾಲ ಹುಚ್ಚಿನ ಒಂದು ಬಗೆಯೆಂದೇ ಎಣಿಸಿದ್ದರು. ೧೯೧೩ರಲ್ಲಿ ನೊಗುಚಿ ಮತ್ತು ಮೂರ್ ಎಂಬಿಬ್ಬರು ಇಂಥವರ ಮಿದುಳಿನಲ್ಲಿಯೇ ಸಿಫಿಲಿಸಿನ ಜೀವಾಣುವನ್ನು ಕಂಡರು. ಪೆನಿಸಿಲಿನ್ ಬಂದಮೇಲೆ ಆ ಹಾಸಿಗೆಗಳು ತೆರವಾದವು. ಮನಸ್ಸಿನ ರೋಗವೆಂದು ಕಾಣುವುದರ ಹಿಂದೆ ಮೈಯ ರೋಗ ಅಡಗಿರಬಹುದು, ಅದರ ಸುಳಿವು ಮೊದಲು ಸಿಕ್ಕುವುದು ಅರಿವಿನ ಕುಂದಿನಲ್ಲಿಯೇ ಇರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ.

ಪ್ರಕೃತಕ್ಕೆ ಬರೋಣ. ಈಗ ಲೋಕದಲ್ಲೆಲ್ಲ ಹೆಸರುವಾಸಿಯಾಗಿರುವ ಕಿರುಪರೀಕ್ಷೆ ಹುಟ್ಟಿದ್ದು ೧೯೭೫ರಲ್ಲಿ. ಅಮೆರಿಕದ ಮಾರ್ಷಲ್ ಫೋಲ್ಸ್ಟೀನ್, ಸೂಸನ್ ಫೋಲ್ಸ್ಟೀನ್, ಪಾಲ್ ಮ್ಯಾಕ್‌ಹ್ಯೂ ಎಂಬ ಮೂವರು ಅದನ್ನು ಪ್ರಕಟಿಸಿದರು. ಅದರ ಹೆಸರು 'ಮಿನಿ ಮೆಂಟಲ್ ಸ್ಟೇಟ್' ಪರೀಕ್ಷೆ. ಒಟ್ಟು ೩೦ ಅಂಕ. ಹಿಡಿಯುವ ಕಾಲ ಐದರಿಂದ ಹತ್ತು ನಿಮಿಷ. ದಿನ, ತಿಂಗಳು, ಊರು, ಆಸ್ಪತ್ರೆ ಇವುಗಳ ಅರಿವಿಗೆ ೧೦, ಮೂರು ವಸ್ತುಗಳ ಹೆಸರನ್ನು ಕೇಳಿ ಒಪ್ಪಿಸುವುದಕ್ಕೆ ೩, ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದಕ್ಕೆ ೫, ಮೊದಲಿನ ಮೂರು ಹೆಸರುಗಳನ್ನು ಮತ್ತೆ ಜ್ಞಾಪಿಸಿಕೊಳ್ಳುವುದಕ್ಕೆ ೩, ಭಾಷೆಗೆ ೮, ಒಂದರೊಳಗೊಂದು ತೂರಿದ ಎರಡು ಪಂಚಕೋನಗಳನ್ನು ನೋಡಿ ಬರೆಯುವುದಕ್ಕೆ ೧. ವಾಡಿಕೆಯಲ್ಲಿ ೨೪ಕ್ಕಿಂತ ಕೆಳಗಿಳಿದರೆ ಸಂಶಯಪಡುತ್ತಾರೆ.

ಈ ಪರೀಕ್ಷೆಯನ್ನು ಇಂದು ಮುದುಕರ ಮರೆವಿನ ಪರೀಕ್ಷೆಯೆಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಅದನ್ನು ಮೊದಲು ಪರೀಕ್ಷಿಸಿ ನೋಡಿದ್ದು ೨೦೬ ಮಂದಿ ರೋಗಿಗಳ ಮೇಲೆ ಮತ್ತು ೬೩ ಮಂದಿ ಆರೋಗ್ಯವಂತರ ಮೇಲೆ. ಆ ರೋಗಿಗಳಲ್ಲಿ ಡಿಮೆನ್ಷಿಯ ಎಂಬ ಬುದ್ಧಿಕ್ಷಯದವರಷ್ಟೇ ಅಲ್ಲದೆ ಖಿನ್ನತೆಯವರೂ ಸ್ಕಿಜೊಫ್ರೀನಿಯದವರೂ ಇದ್ದರು. ಅವರು ಕಂಡ ಸರಾಸರಿಗಳು ಮನನೀಯವಾಗಿವೆ. ಡಿಮೆನ್ಷಿಯದವರಿಗೆ ೯.೭, ಖಿನ್ನತೆಯೊಡನೆ ಅರಿವಿನ ಕುಂದೂ ಸೇರಿದವರಿಗೆ ೧೯, ಬರಿಯ ಖಿನ್ನತೆಯವರಿಗೆ ೨೫.೧, ಆರೋಗ್ಯವಂತರಿಗೆ ೨೭.೬. ಎರಡನೆಯ ಗುಂಪಿನವರನ್ನು ನೋಡಿ. ೧೯ ಅಂಕ ಪಡೆದ ಇವರನ್ನು ಮೊದಲ ನೋಟಕ್ಕೆ ಮರೆವಿನ ರೋಗಿಗಳೆಂದೇ ಎಣಿಸಿಬಿಡಬಹುದು. ಆದರೆ ಖಿನ್ನತೆಗೆ ಚಿಕಿತ್ಸೆಯಾದ ಮೇಲೆ ಇಂಥವರ ಅಂಕ ಮೇಲೇರಿತು, ಡಿಮೆನ್ಷಿಯದವರದು ಏರಲಿಲ್ಲ. ಇದಕ್ಕೆ ಮುಂಚೆಯೇ, ೧೯೬೧ರಲ್ಲಿ, ಕಿಲೋ ಎಂಬ ವೈದ್ಯರು ಹುಸಿ ಡಿಮೆನ್ಷಿಯವೆಂಬ ಹೆಸರಿನಲ್ಲಿ ಇಂಥ ರೋಗಿಗಳನ್ನು ವರ್ಣಿಸಿದ್ದರು. ವಾಸಿಯಾಗಬಲ್ಲ ಖಿನ್ನತೆಯನ್ನು ವಾಸಿಯಾಗದ ಮರೆವೆಂದು ತಿಳಿದು ಒಬ್ಬನನ್ನು ಮನೆಯ ಮೂಲೆಗೆ ಸೇರಿಸಿಬಿಟ್ಟರೆ ಆಗುವ ಅನ್ಯಾಯವನ್ನು ಊಹಿಸಿಕೊಳ್ಳಬಹುದು. ಅವನನ್ನು ಉಳಿಸುವುದು ಎರಡನೆಯ ಅಳತೆ. ಮೊದಲನೆಯದೊಂದೇ ಆಗಿದ್ದರೆ ಅದು ಅವನಿಗೆ ಅಪಕಾರವನ್ನೇ ಮಾಡೀತು.

ಇದಕ್ಕೆ ವಿರುದ್ಧ ದಿಕ್ಕಿನ ಅನ್ಯಾಯವೂ ಉಂಟು. ಒಬ್ಬನು ಇದ್ದಕ್ಕಿದ್ದಂತೆ ಕಂಗಾಲಾಗುತ್ತಾನೆ, ಗೋಡೆಯ ಮೇಲೆ ಹುಳುಗಳನ್ನು ಕಾಣುತ್ತಾನೆ, ರಾತ್ರಿ ಕೂಗಾಡುತ್ತಾನೆ. ಹುಚ್ಚು ಹಿಡಿಯಿತೆಂದು ಮನೆಯವರು ಮಾನಸಿಕ ಆಸ್ಪತ್ರೆಗೆ ಕರೆತರುತ್ತಾರೆ. ಅದು ನಿಜವಾಗಿ ಸನ್ನಿ ಆಗಿರಬಹುದು. ನಮ್ಮ ಹಿರಿಯರು ಜ್ವರದ ತಲೆಗೆ ಈ ಹೆಸರನ್ನು ಕೊಟ್ಟಿದ್ದರು. ವೈದ್ಯರು ಡಿಲೀರಿಯಮ್ ಎನ್ನುವುದೂ ಇದನ್ನೇ. ಸೋಂಕು, ರಕ್ತದಲ್ಲಿ ಸೋಡಿಯಮ್ ಲವಣದ ಕೊರತೆ, ಕುಡಿತವನ್ನು ಥಟ್ಟನೆ ನಿಲ್ಲಿಸಿದುದು, ಮದ್ದಿನ ನಂಜು, ಹೀಗೆ ಅದಕ್ಕೆ ನೂರು ಕಾರಣ. ಸನ್ನಿಯ ಗುರುತು ಕೂಗಾಟವಲ್ಲ. ಗಮನ ನಿಲ್ಲದಿರುವುದು ಮತ್ತು ಹೊತ್ತಿನಿಂದ ಹೊತ್ತಿಗೆ ಸ್ಥಿತಿ ಬದಲಾಗುತ್ತಿರುವುದು. ೧೯೯೦ರಲ್ಲಿ ಶರೋನ್ ಇನೂಯೆ ಮತ್ತು ಅವರ ಸಂಗಡಿಗರು ಸನ್ನಿಯನ್ನು ಕಂಡುಹಿಡಿಯಲು ರಚಿಸಿದ ಕ್ರಮದಲ್ಲಿ ಈ ಎರಡೂ ಅತ್ಯಗತ್ಯವಾದ ಅಂಗಗಳು. ವಾರದ ದಿನಗಳನ್ನು ಶನಿವಾರದಿಂದ ಹಿಮ್ಮುಖವಾಗಿ ಹೇಳೆಂದರೆ ಅರ್ಧದಲ್ಲಿ ದಾರಿ ತಪ್ಪುವವನ ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಬೇಕೆಂಬ ಬುದ್ಧಿ ವೈದ್ಯನಿಗೆ ಹೊಳೆಯುತ್ತದೆ. ಹೀಗೆ ಕೇಳದಿದ್ದರೆ ನಿದ್ದೆಯ ಮದ್ದು ಕೊಟ್ಟು ಮಲಗಿಸುವುದೇ ಮೊದಲು ತೋಚುವ ಉಪಾಯವಾದೀತು.

ವಾಸಿಮಾಡಬಲ್ಲ ಕಾರಣಗಳು ಇನ್ನೂ ಇವೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಬಿ-೧೨ ಜೀವಸತ್ವದ ಕೊರತೆ, ತಲೆಗೆ ಪೆಟ್ಟುಬಿದ್ದು ಮಿದುಳಿನ ಹೊರಪೊರೆಯಲ್ಲಿ ಮೆಲ್ಲಗೆ ಸೇರಿದ ರಕ್ತ, ಇವೆಲ್ಲ ಮನಸ್ಸಿನ ರೋಗದ ವೇಷದಲ್ಲಿ ಬರಬಹುದು. ಕುಡುಕರಲ್ಲಿ ಬಿ-೧ ಜೀವಸತ್ವ, ಎಂದರೆ ಥಯಮಿನ್, ಕಡಮೆಯಾಗಿ ಬರುವ ಗೊಂದಲವನ್ನು ವೆರ್ನಿಕೆ ೧೮೮೧ರಲ್ಲಿಯೇ ವರ್ಣಿಸಿದ್ದನು. ತಡಮಾಡದೆ ಥಯಮಿನನ್ನು ಚುಚ್ಚಿದರೆ ಮಿದುಳು ಉಳಿಯಬಹುದು. ತಡಮಾಡಿದರೆ ಜ್ಞಾಪಕವೇ ಶಾಶ್ವತವಾಗಿ ಹೋಗಬಹುದು. ಇನ್ನು ಮದ್ದುಗಳ ಮಾತು. ಮನೋರೋಗದ ಔಷಧಗಳಿಂದ ಕೈಕಾಲು ಬಿಗಿಯುವುದನ್ನೂ ನಡುಗುವುದನ್ನೂ ತಡೆಯಲು ಟ್ರೈಹೆಕ್ಸಿಫೆನಿಡಿಲ್ ಎಂಬ ಗುಳಿಗೆಯನ್ನು ನಮ್ಮ ದೇಶದಲ್ಲಿ ಧಾರಾಳವಾಗಿ ಕೊಡುತ್ತಾರೆ. ಅದು ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲೀನ್ ಎಂಬ ವಸ್ತುವಿನ ಕೆಲಸಕ್ಕೆ ಅಡ್ಡಬರುತ್ತದೆ. ಜ್ಞಾಪಕಕ್ಕೆ ಅದೇ ವಸ್ತು ಬೇಕು. ಗುಳಿಗೆ ಬೇಡವೆಂದು ನಾವು ಹೇಳುತ್ತಿಲ್ಲ. ಯಾರೂ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೂಬಾರದು. ಆದರೆ ಮದ್ದಿಗೆ ಮುಂಚೆ ಒಂದು ಅಳತೆ, ಮದ್ದಿನ ಬಳಿಕ ಒಂದು ಅಳತೆ ಇದ್ದರೆ, ಮರೆವು ರೋಗದ್ದೋ ಗುಳಿಗೆಯದೋ ಎಂದು ಯೋಚಿಸಲು ವೈದ್ಯರಿಗೇ ಆಧಾರ ಸಿಕ್ಕುತ್ತದೆ. ವಿದ್ಯುತ್ ಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ.

ಇಷ್ಟರವರೆಗೆ ಪರೀಕ್ಷೆಯ ಪರವಾಗಿ ಹೇಳಿದೆವು. ಇನ್ನು ಅಳತೆಗಾರನ ಅನುಮಾನಗಳನ್ನು ಹೇಳಬೇಕು. ಪರೀಕ್ಷೆ ಬೇಡವೆನ್ನುವವರಿಗಿಂತ, ಪರೀಕ್ಷೆಯಾಯಿತು, ಅಂಕ ಬಂದಿತು, ಇನ್ನೇನು ಎನ್ನುವವರನ್ನು ಕಂಡರೆ ನಮಗೆ ಭಯ ಹೆಚ್ಚು.

ಇಂಥ ಕಿರುಪರೀಕ್ಷೆ ಒಂದು ಜರಡಿ. ಜರಡಿಯು ಇದು ಕಾಳು, ಇದು ಕಲ್ಲು ಎಂದು ತೀರ್ಪು ಕೊಡುವುದಿಲ್ಲ. ಮೇಲೆ ಉಳಿದುದನ್ನು ಕೈಯಲ್ಲಿ ಹಿಡಿದು ನೋಡಿ ಎನ್ನುತ್ತದೆ, ಅಷ್ಟೆ. ಒಂದು ಊಹೆಯ ಲೆಕ್ಕವನ್ನು ಮಾಡೋಣ. ಅರಿವಿನ ಕುಂದುಳ್ಳ ೧೦೦ ಮಂದಿಯಲ್ಲಿ ೮೦ ಮಂದಿಯನ್ನು ಹಿಡಿಯುವ, ಕುಂದಿಲ್ಲದ ೧೦೦ ಮಂದಿಯಲ್ಲಿ ೮೦ ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆಯೊಂದು ಇದೆಯೆಂದಿಟ್ಟುಕೊಳ್ಳಿ. ೧೦೦ ರೋಗಿಗಳಿರುವ ಒಂದು ವಾರ್ಡಿನಲ್ಲಿ ೫೦ ಮಂದಿಗೆ ಕುಂದು ಇದ್ದರೆ, ಪರೀಕ್ಷೆಯು ೪೦ ಮಂದಿಯನ್ನು ನ್ಯಾಯವಾಗಿ ಹಿಡಿಯುತ್ತದೆ, ೧೦ ಮಂದಿಯನ್ನು ಅನ್ಯಾಯವಾಗಿ ಹಿಡಿಯುತ್ತದೆ. ಸಿಕ್ಕಿಬಿದ್ದ ಐವರಲ್ಲಿ ನಾಲ್ವರ ವಿಷಯದಲ್ಲಿ ಅದರ ಮಾತು ನಿಜ. ಅದೇ ಪರೀಕ್ಷೆಯನ್ನು ಹತ್ತೇ ಮಂದಿಗೆ ಕುಂದಿರುವ ಇನ್ನೊಂದು ವಾರ್ಡಿಗೆ ಒಯ್ಯಿರಿ. ಹತ್ತರಲ್ಲಿ ೮ ಮಂದಿ ಸಿಕ್ಕುತ್ತಾರೆ. ಉಳಿದ ೯೦ ಮಂದಿಯಲ್ಲಿ ೧೮ ಮಂದಿ ಸುಮ್ಮಸುಮ್ಮನೆ ಸಿಕ್ಕುತ್ತಾರೆ. ಒಟ್ಟು ಸಿಕ್ಕಿದವರು ೨೬. ನಿಜವಾಗಿ ಕುಂದುಳ್ಳವರು ಅವರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಮೆ! ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷಿಸಿದವರು ಬದಲಾಗಲಿಲ್ಲ. ಅಂಕದ ಅರ್ಥ ಮಾತ್ರ ಬದಲಾಯಿತು. ಆದುದರಿಂದ ಕಡಮೆ ಅಂಕ ಬಂದವನ ಕಡತದಲ್ಲಿ ಬರೆಯಬೇಕಾದುದು 'ಇನ್ನೂ ನೋಡಬೇಕು' ಎಂದೇ ಹೊರತು ರೋಗದ ಹೆಸರನ್ನಲ್ಲ.

ಎರಡನೆಯ ಅನುಮಾನ ಇನ್ನೂ ದೊಡ್ಡದು. ಸ್ಕ್ರೂಗೇಜನ್ನು ಪೂರ್ತಿ ಮುಚ್ಚಿದಾಗಲೂ ಅದು ಸೊನ್ನೆಯನ್ನು ತೋರಿಸದಿದ್ದರೆ ಅದಕ್ಕೆ ಶೂನ್ಯದೋಷವಿದೆ ಎನ್ನುತ್ತೇವೆ. ಆ ದೋಷವನ್ನು ಕಳೆಯದೆ ತಂತಿಯ ದಪ್ಪವನ್ನು ಬರೆದ ವಿದ್ಯಾರ್ಥಿಗೆ ಅಂಕ ಕೊಡುವುದಿಲ್ಲ. ಅರಿವಿನ ಪರೀಕ್ಷೆಯ ಶೂನ್ಯದೋಷ ಯಾವುದೆಂದರೆ ಶಾಲೆ. ಅಮೆರಿಕದಲ್ಲಿ ೧೮,೦೫೬ ಮಂದಿ ವಯಸ್ಕರ ಅಂಕಗಳನ್ನು ಕ್ರಮ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದರು. ಒಂಬತ್ತು ವರ್ಷವೋ ಹೆಚ್ಚೋ ಓದಿದವರ ನಡುವಣ ಅಂಕ ೨೯. ಐದರಿಂದ ಎಂಟು ವರ್ಷ ಓದಿದವರದು ೨೬. ನಾಲ್ಕು ವರ್ಷಕ್ಕಿಂತ ಹೆಚ್ಚು ಓದದವರದು ೨೨. ನಡುವಣ ಅಂಕವೆಂದರೆ ಅರ್ಧ ಜನ ಅಲ್ಲಿಗೆ ಅಥವಾ ಅದಕ್ಕಿಂತ ಕೆಳಗೆ ನಿಲ್ಲುವ ಅಂಕ. ೨೪ರ ಗೆರೆಯನ್ನು ಕುರುಡಾಗಿ ಎಳೆದರೆ ಕಡಮೆ ಓದಿದವರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮಂದಿ ಕುಂದುಳ್ಳವರಾಗಿಬಿಡುತ್ತಾರೆ! ಅವರಲ್ಲಿ ಕೆಲವರಿಗೆ ಕುಂದು ಇದ್ದಿರಲೂಬಹುದು. ಅರ್ಧ ಜನಕ್ಕೆ ಇತ್ತೆಂದು ನಂಬುವವರಾರು? ೨೦೦೫ರಲ್ಲಿ ಕೆನಡದ ನಸ್ರೆದ್ದೀನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾಂಟ್ರಿಯಲ್ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದದ್ದು; ಅದರಲ್ಲಿ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಮೆ ಓದಿದವರಿಗೆ ಒಂದು ಅಂಕವನ್ನು ಕೂಡಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದವಳಿಗೆ ಈ ಒಂದಂಕದ ದಾನ ಯಾವ ಮೂಲೆಗೆ ಸಾಲುತ್ತದೆ?

ನಮ್ಮ ದೇಶದಲ್ಲಿ ಈ ದೋಷವನ್ನು ಸರಿಪಡಿಸುವ ಸಮರ್ಥವಾದ ಪ್ರಯತ್ನ ನಡೆದದ್ದು ಹರಿಯಾಣದ ಬಲ್ಲಭಗಢದಲ್ಲಿ. ಮೇರಿ ಗಂಗೂಲಿ ಮತ್ತು ಅವರ ಸಂಗಡಿಗರು ಅಕ್ಷರ ಬಾರದ ಹಳ್ಳಿಯ ವೃದ್ಧರಿಗಾಗಿ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿ ೧೯೯೫ರಲ್ಲಿ ಪ್ರಕಟಿಸಿದರು. ಮೂಲದಲ್ಲಿ 'ಕಣ್ಣು ಮುಚ್ಚಿ' ಎಂದು ಬರೆದ ಚೀಟಿಯನ್ನು ಓದಿ ಅದರಂತೆ ಮಾಡಬೇಕಿತ್ತು. ಇಲ್ಲಿ ಪರೀಕ್ಷಕ ತಾನೇ ಕಣ್ಣು ಮುಚ್ಚಿ ತೋರಿಸುತ್ತಾನೆ. ನೋಡಿದವರು ಹಾಗೆಯೇ ಮಾಡಬೇಕು. ಇದನ್ನು ಭಾಷಾಂತರವೆನ್ನುವುದಕ್ಕಿಂತ ಉಪಕರಣವನ್ನು ಮತ್ತೆ ಒರೆಹಚ್ಚಿದ್ದು ಎನ್ನುವುದು ಸರಿ.

ಕನ್ನಡದ ತೊಡಕುಗಳನ್ನು ನೋಡಿ. ಇಂಗ್ಲಿಷಿನಲ್ಲಿ ಏಳೇಳನ್ನು ಕಳೆಯಲಾರದವನಿಗೆ ಐದಕ್ಷರದ ಒಂದು ಪದವನ್ನು ಕೊಟ್ಟು ಅದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸುವುದುಂಟು. 'ಪ್ರಪಂಚ' ಎಂಬ ಪದವನ್ನು ಹಾಗೆ ತಿರುಗಿಸಿರೆಂದರೆ ಒತ್ತಕ್ಷರವನ್ನೂ ಸೊನ್ನೆಯನ್ನೂ ಎಲ್ಲಿಡಬೇಕೆಂದು ವ್ಯಾಕರಣ ಬಲ್ಲ ಪಂಡಿತರೇ ಜಗಳವಾಡಿಯಾರು. ಮಾಂಟ್ರಿಯಲ್ ಪರೀಕ್ಷೆಯಲ್ಲಿ ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು ಹೇಳಬೇಕು. ಕನ್ನಡದಲ್ಲಿ 'ಕ' ಎಂದರೆ 'ಕಾಗೆ', 'ಕಿವಿ', 'ಕುದುರೆ' ಸೇರಬೇಕೋ ಬೇಡವೋ? ಇಂದು ಯಾವ ತಾರೀಖು ಎಂದರೆ ತಡವರಿಸುವ ರೈತ, ಅಮಾವಾಸ್ಯೆ ಕಳೆದು ಮೂರು ದಿನವಾಯಿತು ಎಂದು ನಿಸ್ಸಂಶಯವಾಗಿ ಹೇಳಬಲ್ಲನು. ಅವನ ಕಾಲಜ್ಞಾನಕ್ಕೆ ಸೊನ್ನೆ ಕೊಡುವ ಪರೀಕ್ಷಕನ ಕಾಲಜ್ಞಾನವೇ ಸಂದೇಹಾಸ್ಪದ. ಮನೆಯಲ್ಲಿ ತುಳುವನ್ನೋ ಕೊಡವ ಮಾತನ್ನೋ ಉರ್ದುವನ್ನೋ ಆಡುವವರನ್ನು ಕನ್ನಡದಲ್ಲಿ ಪರೀಕ್ಷಿಸಿದರೂ ದೋಷ ಉಳಿದೇ ಉಳಿಯುತ್ತದೆ.

ಮೂರನೆಯದು ವಾರ್ಡಿನದೇ ದೋಷ. ಗೋಡೆಯಲ್ಲಿ ಕ್ಯಾಲೆಂಡರೂ ಗಡಿಯಾರವೂ ಇಲ್ಲದ ಕೋಣೆಯಲ್ಲಿ ಮೂರು ವಾರ ಕಳೆದವನನ್ನು ತಾರೀಖು ಕೇಳಿ ಅಂಕ ಕಳೆಯುವುದು ಹಾಸ್ಯಾಸ್ಪದ. ಬೇಸಿಗೆಯ ರಜೆಯಲ್ಲಿ ಅಧ್ಯಾಪಕರಾದ ನಮಗೂ ತಾರೀಖು ನೆನಪಿರುವುದಿಲ್ಲ. ಕನ್ನಡಕ ಮನೆಯಲ್ಲಿ ಉಳಿದಿದ್ದರೆ ಪಂಚಕೋನ ಡೊಂಕಾಗುತ್ತದೆ. ಕಿವಿ ಮಂದವಾಗಿದ್ದರೆ ಮೂರು ಹೆಸರು ಎರಡಾಗುತ್ತದೆ. ನಿದ್ದೆಯ ಮದ್ದು ಕೊಟ್ಟು ಒಂದು ಗಂಟೆಯೊಳಗೆ ಅಳೆದ ಅಂಕ ಮದ್ದಿನ ಅಂಕವೇ ಹೊರತು ರೋಗಿಯದಲ್ಲ. ಆದುದರಿಂದ ಅಂಕದ ಪಕ್ಕದಲ್ಲಿ ಹೊತ್ತು, ಭಾಷೆ, ಓದಿದ ವರ್ಷ, ಆ ದಿನ ನುಂಗಿದ ಮದ್ದು ಇವನ್ನೂ ಬರೆಯಬೇಕು. ಇವಿಲ್ಲದ ಅಂಕವು ಏಕಮಾನವಿಲ್ಲದ ಸಂಖ್ಯೆಯಿದ್ದಂತೆ. ಇನ್ನೊಂದು ಮಾತು. ರೋಗಿ ಉತ್ತರ ಹೇಳಲು ಒಪ್ಪದಿದ್ದರೆ, ಅಥವಾ ಹೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ, 'ಅಳೆಯಲಾಗಲಿಲ್ಲ' ಎಂದು ಬರೆಯಬೇಕು, ಸೊನ್ನೆಯನ್ನು ಹಾಕಬಾರದು. ಮೋಡ ಕವಿದ ರಾತ್ರಿ ಆಕಾಶದಲ್ಲಿ ನಕ್ಷತ್ರಗಳ ಸಂಖ್ಯೆ ಸೊನ್ನೆಯೆಂದು ಯಾವ ಖಗೋಳಜ್ಞನೂ ಬರೆಯುವುದಿಲ್ಲ. ಎರಡನೆಯ ಸಲ ಪರೀಕ್ಷಿಸುವಾಗ ಅದೇ ಮೂರು ಪದಗಳನ್ನೇ ಕೇಳಿದರೆ ಅಭ್ಯಾಸಬಲದಿಂದ ಅಂಕ ಏರಿ ಗುಣವಾದಂತೆ ತೋರೀತು, ಬೇರೆ ಪದಗಳಿರಬೇಕು. ಒಂದೆರಡು ಅಂಕಗಳ ಏರಿಳಿತವನ್ನು ಗುಣವೆಂದೂ ಭಾವಿಸಬಾರದು, ಕ್ಷಯವೆಂದೂ ಭಾವಿಸಬಾರದು.

ಸ್ಕಿಜೊಫ್ರೀನಿಯದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಈ ರೋಗವನ್ನು ಕ್ರೇಪೆಲಿನ್ 'ಎಳವೆಯ ಬುದ್ಧಿಕ್ಷಯ' ಎಂಬರ್ಥದ ಹೆಸರಿನಿಂದ ಕರೆದಿದ್ದ. ಬ್ಲಾಯ್ಲರ್ ಆ ಹೆಸರನ್ನು ಬಿಟ್ಟು ಸ್ಕಿಜೊಫ್ರೀನಿಯ ಎಂದ. ಎಲ್ಲರಿಗೂ ಬುದ್ಧಿ ಕ್ಷಯಿಸುವುದಿಲ್ಲವಾದುದರಿಂದ ಹೊಸ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೆಸರಿನೊಂದಿಗೆ ಆ ಕಡೆಯ ಲಕ್ಷ್ಯವೂ ಬಹುಕಾಲ ಹೋಗಿಬಿಟ್ಟಿತು. ೧೯೯೬ರಲ್ಲಿ ಮೈಕೆಲ್ ಗ್ರೀನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಈ ರೋಗಿಗಳು ಮನೆಯಲ್ಲಿಯೂ ಸಮಾಜದಲ್ಲಿಯೂ ಎಷ್ಟರಮಟ್ಟಿಗೆ ಬಾಳಬಲ್ಲರೆಂಬುದು ಧ್ವನಿ ಕೇಳಿಸುವಂಥ ಲಕ್ಷಣಗಳಿಗಿಂತ ಜ್ಞಾಪಕಕ್ಕೂ ಗಮನಕ್ಕೂ ಹೆಚ್ಚು ಸಂಬಂಧಪಟ್ಟಿದೆಯೆಂದು ಕಂಡುಬಂದಿತು. ಇವರನ್ನು ಅಳೆಯಲು ಮೊದಲು ಹೇಳಿದ ೩೦ ಅಂಕದ ಪರೀಕ್ಷೆ ತೀರ ಮೊಂಡು. ಅದರಲ್ಲಿ ೨೮ ಪಡೆದವನೂ ವೇಗದಲ್ಲಿ, ಯೋಜನೆಯಲ್ಲಿ, ಪದಗಳನ್ನು ಕಲಿತು ನೆನಪಿಡುವುದರಲ್ಲಿ ಬಹಳ ಹಿಂದೆ ಬಿದ್ದಿರಬಹುದು. ಕ್ವಿಂಟಲ್ ತೂಗುವ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತೆ. ಅದಕ್ಕಾಗಿಯೇ ಕೆನಡದ ಪರ್ಡನ್ ಎಂಬುವರು ಮನೋರೋಗಿಗಳಿಗೆಂದು ಐದು ಭಾಗಗಳ, ಸುಮಾರು ಹದಿನೈದು ನಿಮಿಷದ ಪರೀಕ್ಷೆಯೊಂದನ್ನು ೨೦೦೫ರಲ್ಲಿ ಹೊರತಂದರು.

ಆಸ್ಪತ್ರೆಯಿಂದ ಹೊರಡುವ ದಿನ ಇದರ ಬೆಲೆ ತಿಳಿಯುತ್ತದೆ. ಬೆಳಗ್ಗೆ ಇದು ಒಂದು, ರಾತ್ರಿ ಇದು ಎರಡು, ಇದು ಅರ್ಧ, ತಿಂಗಳಾದ ಮೇಲೆ ಬನ್ನಿ, ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ, ಎಂದು ಒಂದೇ ಉಸಿರಿಗೆ ಹೇಳಿ ಕಳುಹಿಸುತ್ತಾರೆ. ಮೂರು ಪದಗಳನ್ನು ಐದು ನಿಮಿಷ ಹಿಡಿದಿಡಲಾರದವನು ಇದನ್ನು ಹೇಗೆ ಹಿಡಿದಿಟ್ಟಾನು? ಮದ್ದು ತಪ್ಪುತ್ತದೆ, ರೋಗ ಮರುಕಳಿಸುತ್ತದೆ, ಹೇಳಿದ ಮಾತು ಕೇಳದ ಮೊಂಡನೆಂದು ಮನೆಯವರೂ ಬೈಯುತ್ತಾರೆ, ಆಸ್ಪತ್ರೆಯವರೂ ಬೈಯುತ್ತಾರೆ. ಜ್ಞಾಪಕ ಕುಂದಿದೆಯೆಂದು ಮೊದಲೇ ಗೊತ್ತಿದ್ದರೆ ಒಂದೊಂದೇ ಮಾತನ್ನು ಹೇಳಿ, ಅವನಿಂದಲೇ ತಿರುಗಿ ಹೇಳಿಸಿ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಮನೆಯವರೊಬ್ಬರಿಗೂ ತಿಳಿಸಬಹುದಿತ್ತು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಅಂಕವು ಬೇರೆಯವರ ಕೈಗೆ ಸಿಕ್ಕಿ ದುರುಪಯೋಗವಾಗಬಹುದೆಂಬ ಆಕ್ಷೇಪಣೆಗೆ ಮಾತ್ರ ನಾವು ತಲೆಬಾಗುತ್ತೇವೆ. ಹೊಲದ ಪಾಲಿಗಾಗಿ ಹೊಂಚುತ್ತಿರುವ ದಾಯಾದಿಗೆ ೩೦ಕ್ಕೆ ೧೮ ಎಂಬ ಚೀಟಿ ಒಳ್ಳೆಯ ಆಯುಧವಾದೀತು. ಆದರೆ ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯಪಾಲನಾ ಕಾಯಿದೆ ಈ ವಿಷಯದಲ್ಲಿ ವಿವೇಕದಿಂದ ಮಾತನಾಡುತ್ತದೆ. ತನ್ನ ಚಿಕಿತ್ಸೆಯ ವಿಷಯದಲ್ಲಿ ನಿರ್ಧರಿಸುವ ಸಾಮರ್ಥ್ಯವನ್ನು ಅದು ಅಂಕದಿಂದ ಅಳೆಯುವುದಿಲ್ಲ. ತಿಳಿಸಿದ ವಿಷಯ ಅರ್ಥವಾಗುತ್ತದೆಯೆ, ಪರಿಣಾಮ ಗೊತ್ತಾಗುತ್ತದೆಯೆ, ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲನೆ ಎಂದು ಕೇಳುತ್ತದೆ. ಇತರರಿಗೆ ತಪ್ಪೆಂದು ತೋರುವ ನಿರ್ಧಾರ ಮಾಡಿದನೆಂಬಷ್ಟರಿಂದಲೇ ಸಾಮರ್ಥ್ಯವಿಲ್ಲವೆನ್ನಬಾರದೆಂದೂ ಅದರಲ್ಲಿದೆ. ಕಡಮೆ ಅಂಕದವನಿಗೆ ನಿಧಾನವಾಗಿ, ಸರಳವಾಗಿ ಹೇಳುವ ಹೊಣೆ ಹೇಳುವವರ ಮೇಲೆ ಬೀಳುತ್ತದೆ; ಅವನ ಹಕ್ಕು ಕರಗುವುದಿಲ್ಲ. ಅಂಕದ ಹಾಳೆಯ ತಲೆಯಲ್ಲಿಯೇ ಈ ಮಾತನ್ನು ಅಚ್ಚುಹಾಕಿಸಬೇಕು.

ಹಾಗಾದರೆ ಕನ್ನಡ ನಾಡಿನ ವಾರ್ಡುಗಳಲ್ಲಿ ಯಾವ ಪರೀಕ್ಷೆಯನ್ನು ಬಳಸಬೇಕು? ಫೋಲ್ಸ್ಟೀನರ ಪರೀಕ್ಷೆಯನ್ನು ೨೦೦೧ರಿಂದ ಒಂದು ಅಮೆರಿಕನ್ ಸಂಸ್ಥೆ ಹಣ ಪಡೆದು ಒದಗಿಸುತ್ತಿದೆ. ಏಳೇಳು ಕಳೆಯುವ ಲೆಕ್ಕಕ್ಕೂ ಒಡೆತನವುಂಟೆಂಬುದು ನಮಗೆ ವಿಚಿತ್ರವಾಗಿ ತೋರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೦೪ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ವಯಸ್ಸು, ವಿದ್ಯಾಭ್ಯಾಸಗಳಿಗೆ ತಕ್ಕ ಬೇರೆಬೇರೆ ಮಟ್ಟಗಳಿವೆ. ಆದರೆ ಅದು ನುರಿತ ಮನಶ್ಶಾಸ್ತ್ರಜ್ಞರು ಸಾವಕಾಶವಾಗಿ ಮಾಡತಕ್ಕ ವಿವರವಾದ ಪರೀಕ್ಷೆ, ಜಿಲ್ಲಾಸ್ಪತ್ರೆಯ ದಾದಿ ಹತ್ತು ನಿಮಿಷದಲ್ಲಿ ಮುಗಿಸತಕ್ಕದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಒಂದು ಪರೀಕ್ಷಾಸಮೂಹವನ್ನು ಸಿದ್ಧಪಡಿಸಿದೆ. ಅದರ ಲಕ್ಷ್ಯ ಮುಖ್ಯವಾಗಿ ವೃದ್ಧರ ಮರೆವಿನ ಕಡೆಗೆ. ಮೂವತ್ತು ನಲವತ್ತು ವರ್ಷದ ಮನೋರೋಗಿಗಳಿಗಾಗಿ, ಓದು ಬಂದವರಿಗೂ ಬಾರದವರಿಗೂ ಸಲ್ಲುವ, ಯಾರಿಗೂ ಹಣ ತೆರಬೇಕಾಗದ ಒಂದು ಕಿರುಪರೀಕ್ಷೆಯನ್ನು ಕನ್ನಡದಲ್ಲಿಯೇ ಕಟ್ಟಬೇಕು.

ಅದಕ್ಕೆ ಬೇಕಾದ ಮಾನದಂಡವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯೊಡನೆ ಮನೆಯವರೊಬ್ಬರು ಉಳಿಯುವ ಪದ್ಧತಿಯುಂಟು. ಅದೇ ಊರು, ಅದೇ ಮಾತು, ಹೆಚ್ಚುಕಡಮೆ ಅಷ್ಟೇ ಓದು. ಅವರನ್ನೂ ಅದೇ ಪ್ರಶ್ನೆಗಳಿಂದ ಅಳೆದರೆ ಆ ಸೀಮೆಯ ಆರೋಗ್ಯವಂತರ ಅಂಕ ಎಷ್ಟೆಂಬುದು ಕೆಲವು ತಿಂಗಳಲ್ಲಿ ಗೊತ್ತಾಗುತ್ತದೆ. ಸ್ಕಿಜೊಫ್ರೀನಿಯ ರೋಗಿಯ ಒಡಹುಟ್ಟಿದವರಲ್ಲಿಯೂ ಅಲ್ಪಸ್ವಲ್ಪ ಕುಂದು ಕಾಣುವುದುಂಟಾದುದರಿಂದ ರಕ್ತಸಂಬಂಧಿಗಳನ್ನು ಬಿಟ್ಟು ಗಂಡನನ್ನೋ ಹೆಂಡತಿಯನ್ನೋ ಅತ್ತಿಗೆಯನ್ನೋ ಅಳೆಯುವುದು ಮೇಲು. ಅವರು ಸಾಲದಿದ್ದರೆ ಪಕ್ಕದ ಮೂಳೆ ವಾರ್ಡಿಗೆ ಹೋಗಬಹುದು. ಕಾಲು ಮುರಿದು ಮಲಗಿದವರ ಬಂಧುಗಳಿಗೆ ದಿನವಿಡೀ ಬೇರೆ ಕೆಲಸವಿರುವುದಿಲ್ಲ.